ಅಪ್ಪ ಲಂಕೆಯಿಂದ ಬರೆದ 43 ಕಾಗದ ಸಿಕ್ಕಿವೆ, ಅವ್ವ ಬರೆಸಿದ್ದು ಒಂದೂ ಇಲ್ಲ

ಜಗಳೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಮಿಲ್ಟ್ರಿಯಲ್ಲಿದ್ದವರು, ಮಿಲ್ಟ್ರಿ ಮನೆಯವರು ಇಲ್ಲಿ ಇದ್ದೀರಿ ಅಂತ ಗೊತ್ತು, ಅದಕ್ಕೇ ಬರೀತಿದ್ದೀನಿ.

ನಮ್ಮಪ್ಪ ತೀರಿಕೊಂಡು ಈ ಯುಗಾದಿಗೆ ಒಂದು ವರ್ಷ ತುಂಬಿತು. ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿ ಮನೆಗೆ ಸುಣ್ಣ ಹೊಡೆಸೋಣ ಅಂತ ಅಟ್ಟ ಖಾಲಿ ಮಾಡಿದಾಗ ಅವರ ಕಪ್ಪು ಟ್ರಂಕು ಇಳಿಸಿದೆವು. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು ಇನ್ನೂ ಅಳಿಸಿಲ್ಲ. ಒಳಗೆ ಕಂಬಳಿ, ಅದರ ಕೆಳಗೆ ಅವ್ವನ ಹಳೇ ಇಳಕಲ್ ಸೀರೆ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಬಿಚ್ಚಿದರೆ ಕಾಗದಗಳು. ಎಣಿಸಿದೆ, 43. ಮೊದಲನೇದು 1987ರ ನವೆಂಬರಿನದು, ಕೊನೇದು 1989ರ ಜೂನಿನದು. ನಮ್ಮೂರು ಆಗ ಚಿತ್ರದುರ್ಗ ಜಿಲ್ಲೆ, ವಿಳಾಸದಲ್ಲೂ ಹಾಗೇ ಇದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ ತಾನೆ.

ನಾನು ಆಗ ಮೂರು ವರ್ಷದವಳು. ಅಪ್ಪ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಜತೆ ಹೋಗಿದ್ದರು ಅನ್ನೋದು ಗೊತ್ತಿತ್ತು, ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮನೆಯಲ್ಲಿ ಅವರು ಆ ಮಾತೇ ಎತ್ತುತ್ತಿರಲಿಲ್ಲ.

43 ಕಾಗದವನ್ನೂ ಎರಡು ರಾತ್ರಿ ಕೂತು ಓದಿದೆ. ಎಲ್ಲವೂ 'ಉಭಯ ಕುಶಲೋಪರಿ ಸಾಂಪ್ರತ' ಅಂತಲೇ ಶುರು. ಮಳೆ ಬಂತಾ, ಶೇಂಗಾ ಬಿತ್ತಿದಿರಾ, ಸೊಸೈಟಿ ಸಾಲದ ಕಂತು ಕಟ್ಟಿದಿರಾ, ಮಗುವಿಗೆ ಕೆಮ್ಮು ಹೋಯ್ತಾ. ಒಂದರಲ್ಲಿ ಹೀಗಿದೆ: 'ಇಲ್ಲಿಯ ಮಣ್ಣು ನಮ್ಮ ಮೇಲಿನ ಹೊಲದ ಹಾಗೆ ಕೆಂಪಗಿದೆ. ಇಲ್ಲಿಯೂ ಈರುಳ್ಳಿ ಬೆಳೆಯುತ್ತಾರೆ. ಬಾವಿ ಬಹಳ ಆಳ. ನೀರು ಸೇದುವಾಗ ನಿನ್ನ ನೆನಪಾಗುತ್ತದೆ.' ಯುದ್ಧ ಅನ್ನೋ ಪದ 43ರಲ್ಲಿ ಒಂದು ಕಡೆಯೂ ಇಲ್ಲ.

ವಿಳಾಸದಲ್ಲಿ ಊರಿನ ಹೆಸರಿನ ಬದಲು '56 ಎ.ಪಿ.ಓ.' ಅಂತ ಇದೆ, ಅದು ಏನು? ಒಂದು ಸಾಲಾದರೂ ಅಲ್ಲಿ ನಡೀತಿದ್ದುದನ್ನ ಯಾಕೆ ಬರೆಯಲಿಲ್ಲ? ಎಲ್ಲಕ್ಕಿಂತ ನನ್ನನ್ನ ಕಾಡ್ತಿರೋದು ಅವ್ವನ ಕಾಗದಗಳು. ಅವ್ವನಿಗೆ ಓದು ಬರಹ ಬರೋದಿಲ್ಲ, ಪಕ್ಕದ ಮನೆ ಹುಡುಗಿ ಕೈಲಿ ಬರೆಸುತ್ತಿದ್ದಳಂತೆ, ಹದಿನೈದು ದಿನಕ್ಕೊಂದು. ಅವು ಒಂದೂ ಟ್ರಂಕಿನಲ್ಲಿಲ್ಲ. ಎಲ್ಲಿ ಹೋದವು?

ಪಿ.ಜೆ. ಬಡಾವಣೆ ಹುಡುಗ

ಅಕ್ಕಾ, ಓದಿ ಮನಸ್ಸು ತುಂಬಿ ಬಂತು. ಗೊತ್ತಿಲ್ಲದೆ ಕೇಳ್ತಿದ್ದೀನಿ, ಆಗ ಫೋನ್ ಮಾಡೋಕೆ ಏನೂ ವ್ಯವಸ್ಥೆ ಇರಲಿಲ್ಲವಾ?

ನಿವೃತ್ತ ಹವಾಲ್ದಾರ್, ಹರಿಹರ

ತಂಗೀ, ನಿಮ್ಮ ಬರಹ ಓದಿ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಓಡಾಡಿ ಬಂದು ಈಗ ಬರೀತಿದ್ದೀನಿ. ನಾನೂ ಅಲ್ಲಿದ್ದೆ. ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ಪಡೆ, ನಮ್ಮನ್ನ ಎಲ್ಲರೂ 'ತಂಬಿ' ಅಂತ ಕರೀತಿದ್ದರು. ದಾರೀಲಿ ಹೂತಿಟ್ಟ ಮೈನ್ ತೆಗೆಯೋದು ನಮ್ಮ ಕೆಲಸ.

ಮೊದಲು ಆ ಹುಡುಗನಿಗೆ. ಫೋನಾ? ಊರಲ್ಲಿ ಯಾರ ಮನೇಲಿ ಫೋನ್ ಇತ್ತಪ್ಪ ಆಗ? ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯೋ ಕಾಲ. ನಾವು ಇದ್ದದ್ದು ತಾಳೆಮರದ ತೋಪಿನಲ್ಲಿ ಮರಳಿನ ಚೀಲ ಪೇರಿಸಿದ ಪೋಸ್ಟಿನಲ್ಲಿ. ಅಲ್ಲಿದ್ದದ್ದು ವೈರ್‌ಲೆಸ್ ಸೆಟ್, ಅದು ಮನೆಗೆ ಮಾತಾಡೋದಕ್ಕಲ್ಲ.

56 ಎ.ಪಿ.ಓ. ಅಂದರೆ ಸೈನ್ಯದ ಅಂಚೆ. ನಮ್ಮ ಯೂನಿಟ್ ಇವತ್ತು ಕಾಶ್ಮೀರದಲ್ಲಿರಲಿ, ನಾಳೆ ರಾಜಸ್ಥಾನಕ್ಕೆ ಹೋಗಲಿ, ಸಮುದ್ರ ದಾಟಲಿ, ಮನೆಯವರು ಬರೆಯೋ ವಿಳಾಸ ಒಂದೇ. ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಮಾರ್ಫತ್ 56 ಎ.ಪಿ.ಓ. ಅಷ್ಟೆ. ಪೂರ್ವದ ಕಡೆ ಇದ್ದವರಿಗೆ 99 ಎ.ಪಿ.ಓ. ಊರಿನ ಪೋಸ್ಟ್‌ಮನ್‌ಗೂ ನಾವು ಎಲ್ಲಿದ್ದೀವಿ ಗೊತ್ತಾಗಲ್ಲ, ಕಾಗದ ಕದ್ದು ನೋಡಿದವನಿಗೂ ಗೊತ್ತಾಗಲ್ಲ. ಯಾವ ಯೂನಿಟ್ ಎಲ್ಲಿದೆ ಅಂತ ಗೊತ್ತಿರೋದು ಸೈನ್ಯದ ಅಂಚೆಯವರಿಗೆ. ಅವರದೇ ಒಂದು ಕೋರ್ ಇದೆ, 1972ರಲ್ಲಿ ಪ್ರತ್ಯೇಕ ಆದದ್ದು. ಅಂಚೆ ಇಲಾಖೆಯಿಂದಲೇ ಬಂದವರು ಬಹಳ ಜನ ಅದರಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಮ್ಮ ಜತೆಗೇ ಇರ್ತಾರೆ.

ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1987ರ ಜುಲೈ 29. ಶಾಂತಿ ಕಾಯೋದಕ್ಕೆ ಅಂತ ಹೋದೆವು. ಅಕ್ಟೋಬರ್ ಹೊತ್ತಿಗೆ ಅಲ್ಲಿಯ ಎಲ್‌ಟಿಟಿಇ ಬಂಡುಕೋರರ ಜತೆ ಯುದ್ಧವೇ ಆಯ್ತು. ಯಾಳ್ಪಾಣದ (ಜಾಫ್ನಾ) ಒಂದೊಂದು ಬೀದಿಗೂ ಮೈನು. ಆ ಒಂದು ತಿಂಗಳು ಡಾಕ್ ಸರಿಯಾಗಿ ಬರಲೇ ಇಲ್ಲ. ಆಮೇಲೆ ಹೆಲಿಕಾಪ್ಟರ್‌ನಲ್ಲಿ ರೇಷನ್ ಜತೆ ಚೀಲ ಬರೋಕೆ ಶುರು ಆಯ್ತು. ಚೀಲ ಇಳಿದ ತಕ್ಷಣ ಒಬ್ಬ ನಿಂತು ಹೆಸರು ಕೂಗೋನು. ಕಾಗದ ಸಿಕ್ಕವನು ಮೊದಲು ಮೇಲಿಂದ ಕೆಳಗೆ ಬೆರಳಾಡಿಸೋನು, ಯಾರಾದರೂ ಹೋಗಿಬಿಟ್ಟಿದ್ದಾರಾ ಅಂತ. ಇಲ್ಲ ಅಂತ ಗೊತ್ತಾದ ಮೇಲೆ ಮೂಲೇಲಿ ಕೂತು ಮತ್ತೆ ಮೊದಲಿಂದ ಓದೋನು. ಕಾಗದ ಬರದವನು ರೈಫಲ್ ತಗೊಂಡು ಒರೆಸ್ತಾ ಕೂರೋನು. ಆಗಲೇ ಒರೆಸಿ ಇಟ್ಟಿದ್ದರೂ ಮತ್ತೆ ಒರೆಸೋನು. ಅವನ ಹತ್ರ ಯಾರೂ ಮಾತಾಡ್ತಿರಲಿಲ್ಲ.

ಕಾಗದಗಳು ಹಿಂದೆ ಮುಂದೆ ಆಗಿ ಬರೋವು. 'ಜ್ವರ ಈಗ ಇಳಿದಿದೆ' ಅಂತ ಮೊದಲು ಬರೋದು, 'ಮಗೂಗೆ ಜ್ವರ' ಅನ್ನೋದು ಹತ್ತು ದಿನ ಬಿಟ್ಟು ಬರೋದು. ಅದಕ್ಕೇ ನನ್ನ ಹೆಂಡತಿಗೆ ಹೇಳಿದ್ದೆ, ಮೂಲೇಲಿ ನಂಬರ್ ಹಾಕು ಅಂತ.

ಯಾಕೆ ಬರೀಲಿಲ್ಲ ಅಂತ ಕೇಳಿದಿರಿ. ಜಾಗದ ಹೆಸರು, ಎಲ್ಲಿಂದ ಎಲ್ಲಿಗೆ ಹೋಗ್ತೀವಿ, ಯಾರಿಗೆ ಏನಾಯ್ತು, ಇದನ್ನೆಲ್ಲ ಬರೆಯೋ ಹಾಗಿರಲಿಲ್ಲ. ಅದು ಹುಕುಂ. ಆದರೆ ಹುಕುಂ ಇಲ್ಲದಿದ್ದರೂ ನಾನು ಬರೀತಿರಲಿಲ್ಲ ತಂಗೀ. ಬೆಳಗ್ಗೆ ಜತೇಲಿ ಚಹಾ ಕುಡಿದವನು ಸಂಜೆ ಇಲ್ಲ. ಅದನ್ನ ಬರೆದರೆ ಕಾಗದ ಮುಟ್ಟೋ ಹೊತ್ತಿಗೆ ಹದಿನೈದು ದಿನ. ಓದಿದ ಮೇಲೆ ಆಕೆ ಇನ್ನು ಹದಿನೈದು ದಿನ ಹೆಂಗೆ ಕಳೀಬೇಕು?

ನಿಮ್ಮವ್ವನ ಕಾಗದಗಳ ವಿಷಯ. ಇದನ್ನ ಹೇಳೋಕೆ ಕಷ್ಟ ಆಗ್ತದೆ. ಪೆಟ್ರೋಲಿಂಗ್ ಹೊರಡೋ ಮೊದಲು ಜೇಬು ಖಾಲಿ ಮಾಡಬೇಕಿತ್ತು. ಮನೆ ವಿಳಾಸ, ಫೋಟೋ, ಕಾಗದ ಏನೂ ಇರಬಾರದು. ಪೋಸ್ಟ್ ಬದಲಾಯಿಸುವಾಗ ಒಂದು ಕಿಟ್‌ಬ್ಯಾಗ್‌ಗೆ ಎಷ್ಟು ಹಿಡೀತದೆ? ಎಷ್ಟೋ ಸಲ ಸುಟ್ಟಿದ್ದೀವಿ. ನನ್ನ ಹೆಂಡತಿ ಬರೆದ ಕಾಗದಗಳನ್ನ ನನ್ನ ಕೈಯಾರೆ ಸುಟ್ಟಿದ್ದೀನಿ. ಸುಡೋ ಮೊದಲು ಇನ್ನೊಂದು ಸಲ ಓದಿ ಬಾಯಿಪಾಠ ಮಾಡ್ಕೊಂಡಿದ್ದೆ. ನಿಮ್ಮಪ್ಪನೂ ಹಂಗೇ ಮಾಡಿರಬೇಕು. ಬೇಕು ಅಂತ ಬಿಸಾಕಿದ್ದಲ್ಲ.

ಒಂದು ಮಾತು. ನಿಮ್ಮವ್ವನ ಕಾಗದ ಪೂರ್ತಿ ಹೋಗಿಲ್ಲ. ನಿಮ್ಮಪ್ಪನ ಕಾಗದಗಳಲ್ಲಿ 'ನೀನು ಬರೆದಂತೆ', 'ನೀನು ತಿಳಿಸಿದ ಪ್ರಕಾರ' ಅಂತ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಗುರುತು ಹಾಕಿ. ಆಮೇಲೆ ಅವ್ವನ ಮುಂದೆ ಕೂತು ಅದನ್ನ ಓದಿ.

ಅಂಚೆ ಅಣ್ಣ, ಚಳ್ಳಕೆರೆ ಸೀಮೆ

ನಾನು 31 ವರ್ಷ ಹಳ್ಳಿ ಅಂಚೆ ಕಚೇರಿಯಲ್ಲಿ ಇದ್ದವನು. ಇ.ಡಿ. ಅಂತಿದ್ದರು ಆಗ ನಮ್ಮನ್ನ, ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಅಂದರೆ ಇಲಾಖೆಯ ಕಾಯಂ ನೌಕರರಲ್ಲದವರು. ಚಳ್ಳಕೆರೆಯಿಂದ ಬಸ್ಸಿನಲ್ಲಿ ಚೀಲ ಬರೋದು, ಬಸ್ ಸ್ಟ್ಯಾಂಡಿನಲ್ಲೇ ನಾಲ್ಕು ಜನ ಕಾಯ್ತಿರೋರು. ನನ್ನ ಬೀಟಿನಲ್ಲಿ ನಾಲ್ಕು ಮಿಲ್ಟ್ರಿ ಮನೆ ಇದ್ದವು. ಕಾಗದ ಕೊಟ್ಟು ಬರೋದು ನನ್ನ ಕೆಲಸ, ಆದರೆ ಓದಿ ಹೇಳದೆ ಬಂದದ್ದು ಇಲ್ಲ. ಹೆಂಡತಿಗೆ ಬಂದ ಕಾಗದ, ಅತ್ತೆ ಮಾವ ಸುತ್ತ ಕೂತಿರೋರು. ಕೆಲವು ಸಾಲು ನಾನೇ ಬಿಟ್ಟು ಓದ್ತಿದ್ದೆ. ಆಮೇಲೆ ಆಕೆ ನೀರಿಗೆ ಬಂದಾಗ ದಾರೀಲಿ ನಿಲ್ಲಿಸಿ ಆ ಸಾಲು ಹೇಳಿ ಹೋಗ್ತಿದ್ದೆ.

ಮನಿಯಾರ್ಡರ್ ಫಾರಂ ಕೆಳಗೆ ಒಂದು ಸಣ್ಣ ಜಾಗ ಇರೋದು, ಎರಡು ಸಾಲು ಬರೆಯೋಕೆ. 'ದುಡ್ಡು ತಲುಪಿದ್ದಕ್ಕೆ ಬರಿ. ಆರೋಗ್ಯ.' ಅಷ್ಟೇ ಇರೋದು. ಆ ತುಂಡು ಹರಿದು ಕೊಟ್ಟರೆ ಹೆಣ್ಣುಮಕ್ಕಳು ಅದನ್ನ ದೇವರ ಗೂಡಿನಲ್ಲಿ ಇಡೋರು.

ತಂತಿ, ಅಂದರೆ ಟೆಲಿಗ್ರಾಂ ವಿಷಯ ಹೇಳಲೇಬೇಕು. ನಾನು ಹೊತ್ತಲ್ಲದ ಹೊತ್ತಿನಲ್ಲಿ ಬೀದಿಗೆ ಬಂದರೆ ಸಾಕು, ಮಿಲ್ಟ್ರಿ ಮನೆಗಳಲ್ಲಿ ಅಳು ಶುರು ಆಗೋದು. ಒಂದು ಸಲ ಒಬ್ಬ ಮಗ 'ರಜೆ ಸಿಕ್ಕಿದೆ, ಬರ್ತಿದ್ದೀನಿ' ಅಂತ ತಂತಿ ಕೊಟ್ಟಿದ್ದ. ನನ್ನ ಕೈಲಿ ಕವರ್ ನೋಡಿ ಆ ತಾಯಿ ಅಂಗಳದಲ್ಲೇ ಎಚ್ಚರ ತಪ್ಪಿ ಬಿದ್ದಳು. ಅವತ್ತಿಂದ ನಾನು ಒಂದು ಪದ್ಧತಿ ಮಾಡ್ಕೊಂಡೆ. ತಂತಿ ಒಳ್ಳೇದಾದರೆ ಬೀದಿ ತುದಿಯಿಂದಲೇ 'ಒಳ್ಳೇ ಸುದ್ದಿ, ಒಳ್ಳೇ ಸುದ್ದಿ' ಅಂತ ಕೂಗಿಕೊಂಡು ಹೋಗೋದು. ಎಲ್ಲರಿಗೂ ನೆಮ್ಮದಿ ಆಯ್ತು. 1988ರಲ್ಲಿ ಒಂದು ದಿನ ಕೂಗೋ ಹಾಗಿರಲಿಲ್ಲ. ಸುಮ್ಮನೆ ನಡೆದು ಹೋದೆ. ನಾನು ಕೂಗಲಿಲ್ಲ ಅನ್ನೋದರಲ್ಲೇ ಇಡೀ ಬೀದಿಗೆ ಗೊತ್ತಾಗಿಹೋಯ್ತು. ನಾನು ಬಾಗಿಲಿಗೆ ಮುಟ್ಟೋ ಮೊದಲೇ ಆ ಮನೆ ಮುಂದೆ ಜನ ನಿಂತಿದ್ದರು.

2013ರ ಜುಲೈನಲ್ಲಿ ತಂತಿ ನಿಲ್ಲಿಸಿದರು ಅಂತ ಪೇಪರಿನಲ್ಲಿ ಓದಿದಾಗ ಎಲ್ಲರೂ ಅಯ್ಯೋ ಅಂದರು. ನನಗೆ ಹಾಗನ್ನಿಸಲಿಲ್ಲ.

ಹೊಳಲ್ಕೆರೆ ರೈತ

ಬೇಜಾರು ಮಾಡ್ಕೋಬೇಡಿ ತಂಗಿ. ಆ ತಾಯಿಗೆ ವಯಸ್ಸಾಗಿದೆ, ಗಂಡ ಹೋಗಿ ಒಂದು ವರ್ಷ. ಈಗ ಕಾಗದ ಓದಿ ಹಳೇ ಗಾಯ ಕೆದಕೋದು ಬೇಡ. ಗಂಟು ಹಾಗೇ ಕಟ್ಟಿಡಿ.

ನಿವೃತ್ತ ಹವಾಲ್ದಾರ್, ಹರಿಹರ

ಅಣ್ಣಾ, ನಿಮ್ಮ ಕಾಳಜಿ ಅರ್ಥ ಆಗ್ತದೆ. ಆದರೆ ಸೀರೆ ತುಂಡಿನಲ್ಲಿ ಕಟ್ಟಿ 30 ವರ್ಷಕ್ಕೂ ಹೆಚ್ಚು ಕಾಪಾಡಿದ್ದು ಆ ತಾಯೇ ಅಲ್ಲವಾ? ಓದಬೇಕೋ ಬೇಡವೋ ಅಂತ ಅವರನ್ನೇ ಕೇಳಲಿ.

ದುರ್ಗದ ಮೇಷ್ಟ್ರು

ಕಾಗದದಲ್ಲಿ ನಿಜ ಬಚ್ಚಿಡೋದು ಬಹಳ ಹಳೇದು. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ನಮ್ಮ ಸಿಪಾಯಿಗಳ ಕಾಗದಗಳನ್ನ ಬ್ರಿಟಿಷರು ಒಡೆದು ಓದಿಯೇ ಮುಂದಕ್ಕೆ ಕಳಿಸ್ತಿದ್ದರು. ಸಿಪಾಯಿಗಳಿಗೆ ಅದು ಗೊತ್ತಿತ್ತು. ಅದಕ್ಕೇ 'ಕರಿಮೆಣಸು ಮುಗೀತಾ ಬಂತು, ಈಗ ಕೆಂಪುಮೆಣಸು ಬರ್ತಿದೆ' ಅನ್ನೋ ಅರ್ಥದಲ್ಲಿ ಬರೆದವರಿದ್ದರು. ಕರಿಮೆಣಸು ಅಂದರೆ ನಮ್ಮವರು, ಕೆಂಪುಮೆಣಸು ಅಂದರೆ ಬಿಳಿಯರು. ನಮ್ಮವರು ಎಷ್ಟು ಜನ ಸಾಯ್ತಿದ್ದಾರೆ ಅಂತ ಊರಿಗೆ ತಿಳಿಸೋಕೆ ಅಡುಗೆ ಮನೆ ಮಾತು. ಸೆನ್ಸಾರ್‌ನವರಿಗೆ ಆ ಗುಟ್ಟು ತಿಳಿದುಹೋಯ್ತು, ಅವರು ನಕಲು ಮಾಡಿಟ್ಟುಕೊಂಡದ್ದರಿಂದಲೇ ಇವತ್ತು ನಮಗೆ ಆ ಕಾಗದಗಳು ಉಳಿದಿವೆ.

ನಮ್ಮ ಸೀಮೆಯೆಲ್ಲ ಆಗ ಮೈಸೂರು ಸಂಸ್ಥಾನ. ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜತೆ ಈಗಿನ ಇಸ್ರೇಲಿನಲ್ಲಿರೋ ಹೈಫಾ ಪಟ್ಟಣ ಗೆದ್ದದ್ದು ಎಲ್ಲರಿಗೂ ಗೊತ್ತು. ಅವರ ಮನೆಗಳಲ್ಲಿ ಕಾಗದ ಯಾರ ಹತ್ರ ಉಳಿದಿದೆ? ನಾನು ತರಗತಿಯಲ್ಲಿ ಮಕ್ಕಳಿಗೆ ಹೈಫಾ ಹೇಳಿಕೊಡುವಾಗ ಪ್ರತಿ ಸಲ ಈ ಪ್ರಶ್ನೆ ಬರುತ್ತೆ. ಅದಕ್ಕೇ ಹೇಳ್ತಿದ್ದೀನಿ, ನಿಮ್ಮ 43 ದೊಡ್ಡ ಆಸ್ತಿ.

ಪುಸ್ತಕದ ಕೆಲಸದವಳು, ಚಿತ್ರದುರ್ಗ

ಗ್ರಂಥಾಲಯದಲ್ಲಿ ಹಳೇ ಪುಸ್ತಕ ನೋಡಿಕೊಂಡ ಅನುಭವದಿಂದ ಹೇಳ್ತೀನಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸೋಕಾಗಲ್ಲ. ಮಡಿಕೆ ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರ ತಿನ್ನುತ್ತೆ. ಹಗಲು ಬೆಳಕಲ್ಲಿ, ಬಿಸಿಲು ನೇರ ಬೀಳದ ಕಡೆ ಇಟ್ಟು ಎರಡೂ ಬದಿ ಫೋಟೋ ತೆಗೀರಿ. ನಂಬರ್ ಹಾಕೋದಾದರೆ ಪೆನ್ಸಿಲ್‌ನಲ್ಲಿ ಮೂಲೇಲಿ ಹಾಕಿ. ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ತೇವ ಇಲ್ಲದ ಕಡೆ ಇಡಿ, ಅಟ್ಟದ ಹೆಂಚಿನ ಕೆಳಗೆ ಬೇಡ. ಇಲ್ಲಿ ಫೋಟೋ ಹಾಕುವಾಗ ಅಪ್ಪನವರ ಸೈನ್ಯದ ನಂಬರು, ಮನೆ ವಿಳಾಸ ಮುಚ್ಚಿ ಹಾಕಿ.

ವಿದ್ಯಾನಗರದ ಮನೆಯವಳು, ದಾವಣಗೆರೆ

ಇದನ್ನೆಲ್ಲ ಓದಿ ನಾನೂ ಬರೀಬೇಕು ಅನ್ನಿಸ್ತು. ನಮ್ಮ ಮನೆಯವರು 2024ರಲ್ಲಿ ಲೆಬನಾನಿನಲ್ಲಿದ್ದರು, ವಿಶ್ವಸಂಸ್ಥೆಯ ಪಡೆಯಲ್ಲಿ. ಅಲ್ಲಿ ಆ ಪಡೆ 1978ರಿಂದ ಇದೆ, ನಮ್ಮ ದೇಶದ ಬೆಟಾಲಿಯನ್ 1998ರಿಂದ ಹೋಗ್ತಿದೆ.

ನಮಗೆ ಫೋನ್ ಇತ್ತು. ದಿನಾ ರಾತ್ರಿ ಒಂಬತ್ತೂವರೆಗೆ ವಿಡಿಯೋ ಕಾಲ್, ಅವರಿಗೆ ಆಗ ಸಂಜೆ ಏಳು. ಮಗ ಊಟದ ತಟ್ಟೆ ತೋರಿಸೋನು, ಭಾನುವಾರ ಬೆಣ್ಣೆ ದೋಸೆ ತೋರಿಸಿ ಅಪ್ಪನಿಗೆ ಆಸೆ ಹುಟ್ಟಿಸೋನು. ಚೆನ್ನಾಗೇ ಇತ್ತು. ಸೆಪ್ಟೆಂಬರ್ ಕೊನೆಗೆ ಅಲ್ಲಿ ಯುದ್ಧ ಜೋರಾಯ್ತು. ಒಂದು ದಿನ ಮಾತಾಡ್ತಿರುವಾಗ ಹಿಂದೆ ದೊಡ್ಡ ಸದ್ದು. 'ಗುಡುಗು' ಅಂದರು. ನಾನೂ 'ಹೌದಾ, ಇಲ್ಲೂ ಮೋಡ ಆಗಿದೆ' ಅಂದೆ. ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಕಾಲ್ ಬರೋದು ತಪ್ಪಿತು. ಬಂಕರಿನಲ್ಲಿ ಇರಬೇಕಾದರೆ ನೆಟ್‌ವರ್ಕ್ ಇಲ್ಲ. ಟಿ.ವಿ.ಯಲ್ಲಿ ವಿಶ್ವಸಂಸ್ಥೆಯ ನೆಲೆಗಳ ಮೇಲೂ ಗುಂಡು ಬಿದ್ದು ಸೈನಿಕರಿಗೆ ಗಾಯ ಆಗಿದೆ ಅಂತ ಅಕ್ಟೋಬರಿನಲ್ಲಿ ತೋರಿಸಿದರು. ಯಾವ ದೇಶದವರು ಅಂತ ಹೇಳೋವರೆಗೂ ನಾನು ನಿಂತೇ ಇದ್ದೆ, ಒಲೆ ಮೇಲಿನ ಹಾಲು ಉಕ್ಕಿ ಹರಿದುಹೋಗಿತ್ತು. ರಾತ್ರಿಯೆಲ್ಲ ವಾಟ್ಸಾಪ್ ತೆಗೆದು 'ಲಾಸ್ಟ್ ಸೀನ್' ನೋಡೋದು. ಸಂಜೆ 4:12 ಅಂತ ಇದ್ದರೆ ಅದೇ ಬೆಳಗ್ಗೆವರೆಗೂ. ಹವಾಲ್ದಾರ್ ಸರ್ ಹದಿನೈದು ದಿನ ಅಂದರು. ನನಗೆ ಹದಿನೈದು ನಿಮಿಷವೂ ಆಗ್ತಿರಲಿಲ್ಲ. ಅಕ್ಷರ ಬರದ ಆ ಅವ್ವ ಹೆಂಗೆ ತಡ್ಕೊಂಡರೋ.

ಅವರು ಕ್ಷೇಮವಾಗಿ ಬಂದರು, ದೇವರ ದಯೆ. ಆದರೆ ಜಗಳೂರಿನ ಅಕ್ಕ, ನಿಮ್ಮ ಟ್ರಂಕಿನ ಸುದ್ದಿ ಓದಿ ಒಂದು ಹೊಳೀತು. ಅಷ್ಟು ತಿಂಗಳು ದಿನಾ ಮಾತಾಡಿದೆವು, ಇವತ್ತು ಅದರಲ್ಲಿ ಏನೂ ಉಳಿದಿಲ್ಲ. ಫೋನ್ ಬದಲಾಯಿಸಿದಾಗ ಚಾಟೂ ಹೋಯ್ತು. ಒಂದು ವಾಯ್ಸ್ ಮೆಸೇಜ್ ಮಾತ್ರ ನಮ್ಮತ್ತೆಯ ಫೋನಿನಲ್ಲಿ ಸಿಕ್ಕಿತು, ಏಳು ಸೆಕೆಂಡಿನದು. 'ಅವ್ವಾ, ಊಟ ಆಯ್ತು, ಮಲಗ್ತೀನಿ.' ನಿನ್ನೆ ಅದನ್ನ ಮೂರು ಕಡೆ ಉಳಿಸಿ ಇಟ್ಟೆ.

ಜಗಳೂರಿನ ಮಗಳು

ಎಲ್ಲರಿಗೂ ಕೈಮುಗಿದು ಹೇಳ್ತೀನಿ, ಹೀಗೆ ಬರೀತೀರಿ ಅಂದುಕೊಂಡಿರಲಿಲ್ಲ. ಹೊಳಲ್ಕೆರೆ ಅಣ್ಣ, ಅವ್ವನನ್ನ ಕೇಳಿಯೇ ಶುರು ಮಾಡಿದೆ. 'ಓದು, ಎಷ್ಟು ವರ್ಷ ಆತು ಕೇಳಿ' ಅಂದಳು. ದಿನಕ್ಕೊಂದು, ಸಂಜೆ ದೀಪ ಹಚ್ಚಿದ ಮೇಲೆ.

ಹವಾಲ್ದಾರ್ ಸರ್ ಹೇಳಿದ ಹಾಗೆ ಗುರುತು ಹಾಕ್ಕೊಂಡು ಹೋದೆ. 1988ರ ಫೆಬ್ರವರಿ, ಮಾರ್ಚ್ ಕಾಗದಗಳು ನಾಲ್ಕು ಬೇರೆ ಯಾರದೋ ಕೈಬರಹ. 'ಬಲಗೈಗೆ ಮುಳ್ಳು ತರಚಿದೆ, ಗೆಳೆಯನ ಕೈಲಿ ಬರೆಸುತ್ತಿದ್ದೇನೆ, ಚಿಂತೆ ಬೇಡ' ಅಂತಿದೆ. ಅಪ್ಪನ ಬಲಗೈ ಮೇಲೆ ಮೊಣಕೈವರೆಗೂ ಗಾಯದ ಗೆರೆ ಇತ್ತು, ನಾವೆಲ್ಲ ನೋಡಿದ್ದೇವೆ. ಅವ್ವನನ್ನ ಕೇಳಿದೆ, ಮುಳ್ಳು ಅಂದದ್ದನ್ನ ನಂಬಿದೆಯಾ ಅಂತ.

'ಅಕ್ಷರ ಬರ್ತಿರಲಿಲ್ಲ ಕಣವ್ವ, ಆದ್ರೆ ಅವ್ರ ಕೈ ನಂಗೆ ಗುರ್ತಿತ್ತು. ನನ್ನ ಹೆಸರು ಮೇಲೆ ಬರೀತಿದ್ರಲ್ಲ, ಕೊನೇ ಅಕ್ಷರದ ಬಾಲ ಉದ್ದ ಎಳೀತಿದ್ರು. ಆ ಕಾಗದದಾಗ ಬಾಲ ಇರ್ಲಿಲ್ಲ. ಬರೆದೋರು ಬ್ಯಾರೆ ಅಂತ ಕವರು ನೋಡ್ತಲೇ ಗೊತ್ತಾತು. ಬಾಲ ಮತ್ತೆ ಬಂದ ದಿನ ಉಚ್ಚಂಗೆಮ್ಮಗೆ ಕಾಯಿ ಒಡೆಸಿ ಬಂದೆ.'

ನಾನು ಬಾಲ ಹುಡುಕಿದೆ. ಏಪ್ರಿಲ್ ಕಾಗದದಲ್ಲಿ ಇದೆ, ಸ್ವಲ್ಪ ನಡುಗಿದ ಹಾಗೆ.

ನಿವೃತ್ತ ಹವಾಲ್ದಾರ್, ಹರಿಹರ

ತಂಗೀ, ಬೇರೆಯವರ ಕಾಗದ ನಾನೂ ಬರೆದುಕೊಟ್ಟಿದ್ದೀನಿ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವನಿಗೆ. ಏನು ಬರೀಲಿ ಅಂದರೆ 'ಮುಳ್ಳು ಅಂತ ಬರಿ' ಅಂತಲೇ ಹೇಳಿದ್ದ ಅವನೂ.

ಜಗಳೂರಿನ ಮಗಳು

ನಿನ್ನೆ 17ನೇ ಕಾಗದ ಓದಿದೆವು. ಅದನ್ನ ಇಲ್ಲಿ ಹೇಳದೆ ಇರೋಕಾಗಲಿಲ್ಲ.

ಅಪ್ಪ ಬರೆದಿದ್ದಾರೆ: 'ನೀನು ಬರೆಸಿದಂತೆ ಕೆಂದ ಎತ್ತನ್ನು 1,200 ರೂಪಾಯಿಗೆ ಮಾರಿದ್ದು ಒಳ್ಳೆಯದೇ ಆಯಿತು. ಆ ಹಣವನ್ನು ಖರ್ಚು ಮಾಡದೆ ಅಂಚೆ ಕಚೇರಿ ಪಾಸ್‌ಬುಕ್ಕಿಗೆ ಕಟ್ಟು. ನಾನು ಬಂದ ಮೇಲೆ ಬೇರೆ ಎತ್ತು ತರೋಣ.'

ಓದಿ ತಲೆ ಎತ್ತಿದರೆ ಅವ್ವ ಗೋಡೆ ಕಡೆ ನೋಡ್ತಿದ್ದಾಳೆ. ಬಹಳ ಹೊತ್ತು ಬಿಟ್ಟು ಹೇಳಿದಳು, ಎತ್ತು ಮಾರಿರಲಿಲ್ಲವಂತೆ. ಹಾವು ಕಡಿದು ಸತ್ತಿತ್ತು. 'ಗುಂಡಿನ ಮಧ್ಯ ಇರೋರಿಗೆ ಎತ್ತು ಸತ್ತದ್ದು ಯಾಕ್ ಬರೆಸ್ಲಿ? ಮಾರಿದ್ವಿ ಅಂತ ಬರಿ ಅಂದೆ. ಆ ಹುಡುಗಿ ಎಷ್ಟಕ್ಕೆ ಅಂತ ಕೇಳಿದ್ಲು. ಬಾಯಿಗೆ ಬಂದದ್ದು ಹೇಳ್ದೆ.'

ಆಮೇಲೆ ಅಪ್ಪನ ಈ ಕಾಗದ ಬಂತು, ಪಾಸ್‌ಬುಕ್ಕಿಗೆ ಕಟ್ಟು ಅಂತ. ಇಲ್ಲದ 1,200 ಎಲ್ಲಿಂದ ತರೋದು? ಅವ್ವ ಶೇಂಗಾ ಕೀಳೋಕೆ, ಸುಲಿಯೋಕೆ, ಈರುಳ್ಳಿ ಕೊಯ್ಯೋಕೆ ಕೂಲಿಗೆ ಹೋದಳು. ನನ್ನನ್ನ ಸೊಂಟದ ಮೇಲೆ ಕೂರಿಸಿಕೊಂಡು ಹೋಗ್ತಿದ್ದಳಂತೆ.

ಪಾಸ್‌ಬುಕ್ ಇನ್ನೂ ಇದೆಯಾ ಅಂದೆ. ಟ್ರಂಕಿನ ತಳದಲ್ಲಿ ಹಾಸಿದ ಪೇಪರಿನ ಕೆಳಗೆ ನೋಡು ಅಂದಳು. ಇತ್ತು. 30 ರೂಪಾಯಿ, 45, 50, ಮತ್ತೆ 40. ಹೀಗೆ 26 ಸಲ ಕಟ್ಟಿದ್ದಾಳೆ. ಕೊನೇ ಸಾಲಿನ ಹೊತ್ತಿಗೆ ಒಟ್ಟು 1,200.

ಅಪ್ಪನಿಗೆ ಗೊತ್ತಾಯ್ತಾ ಅಂತ ಕೇಳಿದೆ. 'ಬಂದ ದಿನ ಪಾಸ್‌ಬುಕ್ ಈಸ್ಕೊಂಡು ನೋಡಿದ್ರು. ಏನೂ ಕೇಳ್ಲಿಲ್ಲ' ಅಂದಳು.

ಬೆಳಕಿಗೆ ಹಿಡಿದು ನೋಡಿದೆ. 26 ಸಾಲಿನ ಪಕ್ಕದಲ್ಲೂ ಒಂದೊಂದು ಪೆನ್ಸಿಲ್ ಚುಕ್ಕಿ ಇದೆ. ಅಪ್ಪ ಲೆಕ್ಕ ಹಾಕುವಾಗ ಇಡ್ತಿದ್ದ ಚುಕ್ಕಿ, ಅದು ನನಗೆ ಗುರುತಿದೆ.

ಇವತ್ತು ಸಂಜೆ 18ನೇದು.